ಸ್ಲೇಟಿನ ಮೇಲೆ ಏಂಜಲ್ ಮೀನಿನ ಮೊಟ್ಟೆಗಳು

ನಮಸ್ಕಾರ. ಈಗ ನೀವು ನೋಡುತ್ತಿರುವ ಈ ಕಪ್ಪು ಕಲ್ಲು ನಾನು ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿದ ಸ್ಲೇಟು. ಮರದ ಚೌಕಟ್ಟನ್ನು ಬಿಚ್ಚಿ, ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಅಕ್ವೇರಿಯಂನ ಹಿಂಬದಿಯ ಗಾಜಿಗೆ ಕೊಂಚ ಓರೆಯಾಗಿ ಒರಗಿಸಿಟ್ಟಿದ್ದೇನೆ. ಅದರ ಮೇಲೆ ಸಾಲುಸಾಲಾಗಿ ಅಂಟಿಕೊಂಡಿರುವ, ಸಣ್ಣ ಸಾಸಿವೆಯಷ್ಟು ಗಾತ್ರದ, ಜೇನಿನ ಬಣ್ಣದ ಕಾಳುಗಳೇ ಏಂಜಲ್ ಮೀನಿನ ಮೊಟ್ಟೆಗಳು. ಫೋಟೋ ತೆಗೆದು ಎಣಿಸಿದಾಗ ಮುನ್ನೂರಕ್ಕೆ ಸ್ವಲ್ಪ ಹೆಚ್ಚೇ ಇದ್ದವು. ಮೈಸೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಇವು ಮರಿಗಳಾಗಿ ಬೆಳೆದ 38 ದಿನಗಳ ಕಥೆಯನ್ನು ಇಂದು ಹೇಳುತ್ತೇನೆ.

ಏಂಜಲ್ ಮೀನಿನ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಜಲಾನಯನ ಪ್ರದೇಶ. ನಿಧಾನವಾಗಿ ಹರಿಯುವ ನೀರಿನಲ್ಲಿ, ಮುಳುಗಿದ ಬೇರುಗಳ ಮತ್ತು ಜೊಂಡಿನ ನಡುವೆ ನುಸುಳಿ ಬದುಕುವ ಮೀನು ಇದು. ಕಾಗದದಂತೆ ಚಪ್ಪಟೆಯಾದ ಮೈ ಮತ್ತು ಮೇಲಕ್ಕೂ ಕೆಳಕ್ಕೂ ಚಾಚಿದ ಉದ್ದನೆಯ ರೆಕ್ಕೆಗಳು ಆ ಬದುಕಿಗೆ ಒಗ್ಗಿದವು. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಕೇರಳದ ಹಿನ್ನೀರಿನ ಕರಿಮೀನು ಮತ್ತು ಈ ಏಂಜಲ್ ಮೂರೂ ಸಿಕ್ಲಿಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಮೊಟ್ಟೆ ಮರಿಗಳನ್ನು ಕಾಯುವುದು ಈ ಕುಟುಂಬದ ಗುಣ. ನಾನು ಈ ಮೀನನ್ನು ಆರಿಸಿಕೊಂಡದ್ದು ಮುಖ್ಯವಾಗಿ ಆ ಗುಣಕ್ಕಾಗಿ.

ಮೊದಲ ಪ್ರಯತ್ನದಲ್ಲಿ ನಾನು ಸೋತ ಬಗೆಯನ್ನು ಹೇಳಲೇಬೇಕು. ಅಂಗಡಿಯೊಂದರಲ್ಲಿ ‘ಪಕ್ಕಾ ಜೋಡಿ’ ಎಂದು ಹೇಳಿ ಎರಡು ದೊಡ್ಡ ಮೀನುಗಳನ್ನು ಕೊಟ್ಟರು. ಅವು ಜೊತೆಯಾಗಿಯೇ ಓಡಾಡಿದವು, ಜೊತೆಯಾಗಿ ಗಾಜನ್ನು ಶುಚಿಗೊಳಿಸಿದವು, ಮೊಟ್ಟೆಯನ್ನೂ ಇಟ್ಟವು. ಆದರೆ ಎರಡನೆಯ ದಿನಕ್ಕೆ ಎಲ್ಲ ಮೊಟ್ಟೆಗಳೂ ಬೆಳ್ಳಗಾಗಿ ಬೂಷ್ಟು ಹಿಡಿದವು. ನೀರಿನ ದೋಷವಿರಬಹುದೆಂದು ನಾಲ್ಕು ತಿಂಗಳು ನೀರನ್ನೇ ಬದಲಿಸುತ್ತ ಕುಳಿತ ಮೇಲೆ ಗೊತ್ತಾಯಿತು, ಅವೆರಡೂ ಹೆಣ್ಣುಗಳು. ಗಂಡಿಲ್ಲದಿದ್ದರೆ ಎರಡು ಹೆಣ್ಣು ಏಂಜಲ್‌ಗಳು ಜೋಡಿಯಂತೆಯೇ ನಡೆದುಕೊಂಡು ಮೊಟ್ಟೆ ಇಡುವುದುಂಟು. ಈ ಮೀನಿನಲ್ಲಿ ಬಣ್ಣದಿಂದಾಗಲಿ ಆಕಾರದಿಂದಾಗಲಿ ಗಂಡು ಹೆಣ್ಣನ್ನು ಖಚಿತವಾಗಿ ಗುರುತಿಸಲಾಗದು; ಮೊಟ್ಟೆ ಇಡುವ ಸಮಯದಲ್ಲಿ ಹೊಟ್ಟೆಯ ಕೆಳಗೆ ಹೊರಚಾಚುವ ನಳಿಕೆ ಹೆಣ್ಣಿನಲ್ಲಿ ದಪ್ಪಗೆ ಮೊಂಡಾಗಿಯೂ ಗಂಡಿನಲ್ಲಿ ಸಣ್ಣಗೆ ಚೂಪಾಗಿಯೂ ಇರುತ್ತದೆ, ನಂಬಬಹುದಾದ ಗುರುತು ಅದೊಂದೇ. ಆದ್ದರಿಂದ ಎರಡನೆಯ ಸಲ ಆರು ಸಣ್ಣ ಮರಿಗಳನ್ನು ತಂದು ಒಟ್ಟಿಗೆ ಬೆಳೆಸಿದೆ. ಹತ್ತನೆಯ ತಿಂಗಳಿನಲ್ಲಿ ಅವುಗಳಲ್ಲಿ ಎರಡು ತಾವಾಗಿಯೇ ಒಂದು ಮೂಲೆಯನ್ನು ಹಿಡಿದು, ಉಳಿದ ನಾಲ್ಕನ್ನು ಹತ್ತಿರ ಬಿಟ್ಟುಕೊಳ್ಳದೆ ಅಟ್ಟತೊಡಗಿದವು. ಇವೇ ಆ ಎರಡು.

ಇವುಗಳ ತೊಟ್ಟಿ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿದ್ದು, ಸುಮಾರು 120 ಲೀಟರ್ ನೀರು ಹಿಡಿಯುತ್ತದೆ. ತಳದಲ್ಲಿ ಮರಳು, ಕಲ್ಲು ಏನೂ ಇಲ್ಲ, ಏಕೆಂದರೆ ಉಳಿದ ಆಹಾರ ಕಲ್ಲಿನ ಸಂದಿಯಲ್ಲಿ ಕೊಳೆತರೆ ಮರಿಗಳು ಉಳಿಯುವುದಿಲ್ಲ. ಮರಿಗಳನ್ನು ಒಳಕ್ಕೆ ಎಳೆದುಕೊಳ್ಳದ ಸ್ಪಂಜ್ ಫಿಲ್ಟರ್ ಇದೆ, 28 ಡಿಗ್ರಿಗೆ ಹೊಂದಿಸಿದ ಹೀಟರ್ ಇದೆ. ನಮ್ಮ ಬೋರ್‌ವೆಲ್ ನೀರು ತೀರ ಗಡುಸು, ಏಂಜಲ್‌ಗೆ ಬೇಕಾದದ್ದು ಮೆದು ನೀರು. ಹೀಗಾಗಿ ಬೋರ್‌ವೆಲ್ ನೀರನ್ನು ಬಿಟ್ಟು, ನಲ್ಲಿ ನೀರನ್ನು ಒಂದು ದಿನ ಗಾಳಿಯಾಡಿಸಿ, ಕ್ಲೋರಿನ್ ಹೋದ ಮೇಲೆ, ತಾರಸಿಯಿಂದ ಹಿಡಿದಿಟ್ಟ ಮಳೆನೀರನ್ನು ಅದಕ್ಕೆ ಬೆರೆಸಿ ಬಳಸುತ್ತೇನೆ.

ಮೊಟ್ಟೆ ಇಟ್ಟ ಸಂಜೆಯ ದೃಶ್ಯವನ್ನು ನಾನು ಕತ್ತರಿಸದೆ ಬಿಟ್ಟಿದ್ದೇನೆ, ದಯವಿಟ್ಟು ನಿಧಾನವಾಗಿ ನೋಡಿ. ಹೆಣ್ಣು ಸ್ಲೇಟಿಗೆ ಹೊಟ್ಟೆಯನ್ನು ತಾಗಿಸಿಕೊಂಡು ಕೆಳಗಿನಿಂದ ಮೇಲಕ್ಕೆ ಸಾಗುತ್ತ ಒಂದು ಸಾಲು ಮೊಟ್ಟೆ ಅಂಟಿಸಿ ಪಕ್ಕಕ್ಕೆ ಸರಿಯುತ್ತದೆ. ಕೂಡಲೇ ಗಂಡು ಅದೇ ಹಾದಿಯಲ್ಲಿ ಸಾಗಿ ಅವನ್ನು ಫಲಿತಗೊಳಿಸುತ್ತದೆ. ಒಂದೂವರೆ ಗಂಟೆಯ ಕಾಲ ಹೀಗೆಯೇ ನಡೆಯಿತು. ಅನಂತರ ಎರಡೂ ಸರದಿಯ ಮೇಲೆ ಮೊಟ್ಟೆಗಳ ಮುಂದೆ ನಿಂತು ಎದೆಯ ಪಕ್ಕದ ರೆಕ್ಕೆಗಳಿಂದ ಬೀಸಣಿಗೆಯಂತೆ ನೀರನ್ನು ಬೀಸಿದವು. ಬೆಳ್ಳಗಾದ ಮೊಟ್ಟೆಯನ್ನು ಅಲ್ಲಲ್ಲೇ ಬಾಯಿಂದ ಕಿತ್ತು ತೆಗೆದವು.

ಮೊಟ್ಟೆಗಳನ್ನು ಬೇರೆ ತೊಟ್ಟಿಗೆ ತೆಗೆದು, ಬೂಷ್ಟು ತಡೆಯುವ ಮೀಥಿಲೀನ್ ಬ್ಲೂ ಎಂಬ ನೀಲಿ ಔಷಧ ಹಾಕಿ ಮರಿ ಮಾಡಿಸುವುದು ವ್ಯಾಪಾರಕ್ಕೆ ಸಾಕುವವರ ಕ್ರಮ, ಅದರಲ್ಲಿ ಹೆಚ್ಚು ಮರಿಗಳು ಉಳಿಯುತ್ತವೆ ಎಂಬುದೂ ನಿಜ. ಇದೇ ಜೋಡಿ ಮೊದಲ ಎರಡು ಸಲ ತನ್ನ ಮೊಟ್ಟೆಗಳನ್ನು ರಾತ್ರೋರಾತ್ರಿ ತಿಂದುಹಾಕಿತ್ತು. ಆದರೂ ನನಗೆ ಬೇರ್ಪಡಿಸಲು ಮನಸ್ಸಾಗಲಿಲ್ಲ. ಬದಲಿಗೆ ತೊಟ್ಟಿಯ ಮೂರು ಬದಿಗೆ ಕಾಗದ ಅಂಟಿಸಿ, ಮನೆಯವರಿಗೆಲ್ಲ ಆ ಕಡೆ ಓಡಾಡಬೇಡಿ ಎಂದು ಕೇಳಿಕೊಂಡು, ಕತ್ತಲೆಯಲ್ಲಿ ಅವು ಗಾಬರಿಯಾಗದಿರಲೆಂದು ಒಂದು ಸಣ್ಣ ದೀಪವನ್ನು ರಾತ್ರಿಯಿಡೀ ಉರಿಸಿದೆ. ಮೂರನೆಯ ಸಲ ಅವು ಮೊಟ್ಟೆಗಳನ್ನು ಮುಟ್ಟಲಿಲ್ಲ.

ಸುಮಾರು 60 ಗಂಟೆಗಳ ಮೇಲೆ ಮೊಟ್ಟೆಗಳು ಒಡೆದವು. ಆದರೆ ಹೊರಬಂದದ್ದು ಈಜುವ ಮರಿಯಲ್ಲ. ತಲೆಯ ಮೇಲಿನ ಅಂಟಿನಿಂದ ಸ್ಲೇಟಿಗೆ ಜೋತುಬಿದ್ದು ಬಾಲವನ್ನು ಮಾತ್ರ ಪಟಪಟ ಬಡಿಯುವ ಸಣ್ಣ ಎಳೆಗಳು. ಈ ಹತ್ತಿರದ ಚಿತ್ರವನ್ನು ಗಮನಿಸಿ. ಒಂದು ಮರಿ ಕಳಚಿ ಕೆಳಗೆ ಬೀಳುತ್ತಿದೆ. ಗಂಡು ಧಾವಿಸಿ ಅದನ್ನು ಬಾಯಿಗೆ ಹಾಕಿಕೊಂಡಿತು. ತಿಂದೇಬಿಟ್ಟಿತೆಂದು ನಾನು ಉಸಿರು ಬಿಗಿಹಿಡಿದೆ. ಅದು ಎರಡು ಸಲ ಬಾಯಿ ಮುಕ್ಕಳಿಸಿದಂತೆ ಮಾಡಿ, ಮರಿಯನ್ನು ಮತ್ತೆ ಸ್ಲೇಟಿನ ಮೇಲೆ, ಅದರ ಒಡಹುಟ್ಟಿದವರ ನಡುವೆಯೇ ಉಗಿದು ಅಂಟಿಸಿತು. ಆ ರಾತ್ರಿ ಹೀಗೆ ಎಷ್ಟು ಸಲ ಮಾಡಿತೋ ಲೆಕ್ಕವಿಲ್ಲ.

ಇಲ್ಲಿಯವರೆಗಿನದು ಬಹುಮಟ್ಟಿಗೆ ಮೀನಿನ ಕೆಲಸ. ನಮ್ಮ ಕೆಲಸ ಮರಿ ಈಜತೊಡಗಿದ ದಿನದಿಂದ ಶುರುವಾಗುತ್ತದೆ, ಮನೆಯಲ್ಲಿ ಮರಿ ಮಾಡಿಸಲು ಹೊರಟ ಹೆಚ್ಚಿನವರು ಸೋಲುವುದು ಆ ವಾರದಲ್ಲಿಯೇ ಎಂದು ನನ್ನ ಅನುಭವದಿಂದ ಹೇಳಬಲ್ಲೆ. ಮೊಟ್ಟೆಯೊಡೆದು ಐದಾರು ದಿನ ಮರಿ ತನ್ನ ಹೊಟ್ಟೆಯ ಭಂಡಾರದ ಚೀಲದಿಂದಲೇ ಬದುಕುತ್ತದೆ. ಅದು ಕರಗಿದೊಡನೆ ಬಾಯಿಗೆ ಹಿಡಿಯುವ, ಅಲುಗಾಡುವ ಆಹಾರ ಬೇಕು. ಹಿಂದೊಮ್ಮೆ, ಬೇರೆ ಮೀನಿನ ಮರಿಗಳಿಗೆ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಿದ್ದೆ. ತಿಂದದ್ದಕ್ಕಿಂತ ಕೊಳೆತದ್ದೇ ಹೆಚ್ಚಾಗಿ, ಅಮೋನಿಯಾ ಏರಿ, ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಆ ತಪ್ಪು ನನ್ನದು, ಇನ್ನೊಬ್ಬರು ಅದನ್ನು ಮಾಡಬಾರದೆಂದು ಹೇಳುತ್ತಿದ್ದೇನೆ.

ಈ ಬಾರಿ ಆರ್ಟೀಮಿಯಾ ಎಂಬ, ಉಪ್ಪುನೀರಿನಲ್ಲಿ ಬದುಕುವ ಸಿಗಡಿಯಂತಹ ಪುಟ್ಟ ಜೀವಿಯ ಒಣ ಮೊಟ್ಟೆಗಳನ್ನು ಒಡೆಸಿದೆ. ಸೋಡಾ ಬಾಟಲಿಯ ತಳವನ್ನು ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಕಾಲು ಚಮಚ ಆರ್ಟೀಮಿಯಾ ಹಾಕಿ, ತಳದಿಂದ ಗಾಳಿ ಬಿಟ್ಟು, ಪಕ್ಕದಲ್ಲಿ ದೀಪವಿಟ್ಟರೆ 24 ಗಂಟೆಗಳಲ್ಲಿ ಮರಿಗಳಾಗುತ್ತವೆ. ಗಾಳಿ ನಿಲ್ಲಿಸಿದ ಹತ್ತು ನಿಮಿಷಕ್ಕೆ ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ, ಜೀವಂತ ಮರಿಗಳು ಬೆಳಕಿನ ಕಡೆ ಕಿತ್ತಳೆ ಬಣ್ಣದ ಮೋಡದಂತೆ ಸೇರುತ್ತವೆ. ಅವನ್ನು ಸಣ್ಣ ಕೊಳವೆಯಲ್ಲಿ ಎಳೆದು, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಹುಟ್ಟಿದ ಕೆಲವು ಗಂಟೆಗಳೊಳಗೆ ಕೊಟ್ಟರೇ ಅವುಗಳಲ್ಲಿ ಸತ್ತ್ವವಿರುತ್ತದೆ. ಆದ್ದರಿಂದ ನಾನು ಎರಡು ಬಾಟಲಿಗಳನ್ನು ಹನ್ನೆರಡು ಗಂಟೆಗಳ ಅಂತರದಲ್ಲಿ ಹೂಡುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಆಹಾರ. ಪ್ರತಿ ಸಲ ಅರ್ಧ ಗಂಟೆಯ ಮೇಲೆ ತಳದ ಕಸವನ್ನು ಕೊಳವೆಯಿಂದ ಎಳೆದು, ಅಷ್ಟೇ ಬೆಚ್ಚಗಿನ ಹೊಸ ನೀರನ್ನು ತುಂಬುವುದು.

ಟಾರ್ಚ್ ಬೆಳಕಿನಲ್ಲಿ ಈ ಮರಿಗಳ ಹೊಟ್ಟೆಯನ್ನು ನೋಡಿ. ಗಾಜಿನಂತಹ ಮೈಯೊಳಗೆ ಒಂದೊಂದು ಕಿತ್ತಳೆ ಚುಕ್ಕೆ. ಆ ಚುಕ್ಕೆ ಕಂಡರೆ ಮರಿ ಉಂಡಿದೆ ಎಂದರ್ಥ. ಮೊದಲ ದಿನ ಬೆಳಗ್ಗೆ ಅದನ್ನು ಕಂಡಾಗ ನಾನು ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅಮ್ಮ ಬಹಳ ಹೊತ್ತು ಬಗ್ಗಿ ನೋಡಿ, ‘ಹೊಟ್ಟೆ ತುಂಬಿದೆ ಕಣೋ’ ಎಂದರು.

ಹನ್ನೊಂದನೆಯ ದಿನ ರಾತ್ರಿ ನಾಲ್ಕು ಗಂಟೆಗಳ ಕಾಲ ಕರೆಂಟು ಹೋಯಿತು. ಬ್ಯಾಟರಿಯ ಗಾಳಿ ಪಂಪ್ ಹಾಕಿ, ತೊಟ್ಟಿಗೆ ಕಂಬಳಿ ಹೊದಿಸಿದೆ. ನೀರು 25 ಡಿಗ್ರಿಗಿಂತ ಕೆಳಗಿಳಿಯಲಿಲ್ಲ.

ನಾಲ್ಕನೆಯ ವಾರದ ಹೊತ್ತಿಗೆ ಮೇಲೂ ಕೆಳಗೂ ರೆಕ್ಕೆ ಮೂಡಿ, ಕಡ್ಡಿಯಂತಿದ್ದ ಮರಿಗಳು ನಿಜವಾದ ಏಂಜಲ್‌ಗಳ ರೂಪ ತಳೆದವು. ಇಂದಿಗೆ 112 ಮರಿಗಳಿವೆ. ಅವುಗಳಲ್ಲಿ ನಾಲ್ಕಕ್ಕೆ ರೆಕ್ಕೆ ಸೊಟ್ಟಗಿದೆ. ಅವು ನನ್ನಲ್ಲಿಯೇ ಇರುತ್ತವೆ. ಹೆಚ್ಚಾದ ಮೀನುಗಳನ್ನು ಕೆರೆಗೆ ಬಿಡುವವರನ್ನು ಕಂಡಿದ್ದೇನೆ, ಕೈಮುಗಿದು ಕೇಳಿಕೊಳ್ಳುತ್ತೇನೆ, ಬಿಡಬೇಡಿ. ಹಾಗೆ ಬಿಟ್ಟ ಅಕ್ವೇರಿಯಂನ ಸಕ್ಕರ್ ಮೀನುಗಳು ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ.

ಉಳಿದವನ್ನು ಮುಂದಿನ ತಿಂಗಳಿನಿಂದ ಸಾಕುವವರಿಗೆ ಕೊಡಲಿದ್ದೇನೆ. ಹಿಂದಿನ ಬೀದಿಯ ಶಾಲಾ ಹುಡುಗಿಯೊಬ್ಬಳು ಈಗಲೇ ಬಂದು ಒಂದು ಜೋಡಿ ಬೇಕೆಂದು ಕೇಳಿದ್ದಾಳೆ. ಅವಳಿಗೆ ಆರು ಮರಿಗಳನ್ನು ಎತ್ತಿಡುತ್ತೇನೆ, ಜೋಡಿಯನ್ನು ಅವೇ ಆರಿಸಿಕೊಳ್ಳಲಿ.