ಕೊಡಗಿನ ಹೆಣ್ಣುಮಕ್ಕಳ ಶಿಬಿರದಲ್ಲಿ ನಾವು ಮೂವರು ಅಕ್ಕತಂಗಿಯರು

ಆ ಬಟ್ಟೆಯ ಚೀಲಕ್ಕೆ ಬೀಳುತ್ತಿರುವುದೆಲ್ಲ ಮೊಬೈಲುಗಳು. ಚರ್ಚಿನ ಈ ಶಿಬಿರ ಮುಗಿಯುವವರೆಗೆ ಯಾರಿಗೂ ಮೊಬೈಲ್ ಇಲ್ಲ. ಟೀಚರ್ ನನ್ನ ಈ ಚಿಕ್ಕ ಕ್ಯಾಮೆರಾಕ್ಕೆ ಮಾತ್ರ ಅನುಮತಿ ಕೊಟ್ಟರು, ಅದೂ ಒಂದು ಷರತ್ತಿನ ಮೇಲೆ: ಬೇರೆ ಹುಡುಗಿಯರ ಮುಖ ಎಲ್ಲಿಯೂ ಕಾಣಿಸಬಾರದು. ಅದಕ್ಕೇ ಈ ವಿಡಿಯೊದುದ್ದಕ್ಕೂ ನಿಮಗೆ ಕೈ, ಕಾಲು, ತಟ್ಟೆ, ಬಕೆಟ್ಟುಗಳೇ ಕಾಣಿಸುತ್ತವೆ. ಷರತ್ತು ಸರಿಯಾಗಿಯೇ ಇದೆ. ಹದಿಮೂರು ವರ್ಷದ ಹುಡುಗಿಯ ಮುಖವನ್ನು ಅವಳ ಮನೆಯವರನ್ನು ಕೇಳದೆ ಊರಿಗೆಲ್ಲ ತೋರಿಸುವ ಹಕ್ಕು ನನಗಿಲ್ಲ.

ಹಸಿರು ಚಪ್ಪಲಿಯ ಕಾಲು ತಂಗಿಯದು. ಪಕ್ಕದಲ್ಲಿ ಬಿಳಿ ಬೂಟು ಅಕ್ಕನದು. ಅಕ್ಕ ಈ ಸಲ ಶಿಬಿರಾರ್ಥಿಯಲ್ಲ, ಗುಂಪಿನ ನಾಯಕಿ. ತಂಗಿಗೆ ಈ ವರ್ಷವಷ್ಟೇ ಹದಿಮೂರು ತುಂಬಿ ಪ್ರವೇಶ ಸಿಕ್ಕಿತು. ಬರುವ ವರ್ಷ ಅಕ್ಕ ಕೆಲಸಕ್ಕೆ ಸೇರಿಬಿಡುತ್ತಾಳೆ. ಮೂವರೂ ಒಟ್ಟಿಗೆ ಇರುವ ಶಿಬಿರ ಇದೊಂದೇ. ಅಷ್ಟಾದರೂ ನಮ್ಮನ್ನು ಮೂರು ಬೇರೆ ಬೇರೆ ಗುಂಪುಗಳಿಗೆ ಹಂಚಿದರು! ರೂತ್, ಎಸ್ತೇರ್, ದೆಬೋರ ಎಂದು ಬೈಬಲ್ಲಿನ ಮಹಿಳೆಯರದೇ ಗುಂಪುಗಳ ಹೆಸರು. ಅಕ್ಕತಂಗಿಯರು ಒಂದೇ ಗುಂಪಿನಲ್ಲಿದ್ದರೆ ಬೇರೆಯವರೊಂದಿಗೆ ಬೆರೆಯುವುದಿಲ್ಲ ಎಂಬುದು ಅವರ ವಾದ. ಮೊದಲ ರಾತ್ರಿ ನನಗೆ ಈ ನಿಯಮದ ಮೇಲೆ ವಿಪರೀತ ಸಿಟ್ಟು ಬಂದಿತ್ತು. ತಂಗಿ ಅಮ್ಮನನ್ನು ಬಿಟ್ಟು ಮಲಗಿದವಳೇ ಅಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಸೋಮವಾರಪೇಟೆಯ ಹುಡುಗಿಯೊಬ್ಬಳಿಂದ ಜಡೆ ಹಾಕಿಸಿಕೊಳ್ಳುತ್ತ ಕುಳಿತಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸರಿ, ನಿಯಮ ಇರಲಿ.

ಇದು ಬೆಳಗಿನ ಕಾಫಿ. ಹಾಲಿಲ್ಲದ, ಬೆಲ್ಲದ ಕಾಫಿ, ಕೊಡಗಿನ ಮನೆಗಳಲ್ಲಿ ಮಾಡುವ ಹಾಗೆ. ಮಂಗಳೂರಿನ ಮೇ ತಿಂಗಳ ಸೆಕೆಯಿಂದ ಬಂದವರಿಗೆ ಬೆಳಿಗ್ಗೆ ಈ ಚಳಿಯಲ್ಲಿ ಬಿಸಿ ಲೋಟ ಹಿಡಿಯುವುದೇ ಒಂದು ಸುಖ. ತಟ್ಟೆಯಲ್ಲಿ ಇರುವುದು ಕಡಂಬುಟ್ಟು, ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಕೋಳಿ ಸಾರಿನ ಜೊತೆ ಅದಕ್ಕೆ ಸಾಟಿಯಿಲ್ಲ. ತಂಗಿ ಮಾತ್ರ ಕುಚ್ಚಲಕ್ಕಿ ಗಂಜಿ ಬೇಕು ಎಂದು ಹಟ ಹಿಡಿದಳು. ಮೂರನೆಯ ಉಂಡೆ ತಿಂದ ಮೇಲೆ ಗಂಜಿಯ ಮಾತು ನಿಂತಿತು.

ಈಗ ಬರುತ್ತಿದೆ ಆ ಟೀ ಶರ್ಟ್. ಇದರ ವಿಷಯ ನಾನು ಸ್ವಲ್ಪ ಹೊತ್ತು ಹೇಳಲೇಬೇಕು. ಶಿಬಿರದ ಶುಲ್ಕ ಒಬ್ಬರಿಗೆ 1,200 ರೂಪಾಯಿ. ಊಟ, ವಸತಿ, ಪುಸ್ತಕ ಎಲ್ಲ ಸೇರಿ ಅಷ್ಟಕ್ಕೆ ಮಾಡುವುದು ಸುಲಭವಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಟೀ ಶರ್ಟಿಗೆ ಪ್ರತ್ಯೇಕವಾಗಿ 280 ರೂಪಾಯಿ, ಕಡ್ಡಾಯವಾಗಿ. ಮೂವರಿಗೆ 840. ಅಮ್ಮ ಆ ಹಣ ಎಣಿಸಿ ಕೊಡುವಾಗ ನಾನು ಎದುರಿಗೇ ಇದ್ದೆ. ಬಣ್ಣ ಮೆರೂನ್. ಬಟ್ಟೆ ಎಷ್ಟು ತೆಳು ಎಂದರೆ, ನೋಡಿ, ನನ್ನ ಬೆರಳು ಆಚೆಯಿಂದ ಕಾಣಿಸುತ್ತಿದೆ. ಎರಡನೆಯ ದಿನ ಸಂಜೆ ಆಟದ ಮಧ್ಯೆ ಗುಡುಗು ಮಳೆ ಸುರಿಯಿತು, ಎಲ್ಲರೂ ನೆನೆದೆವು. ತಂಗಿ ಒದ್ದೆ ಅಂಗಿಯನ್ನು ಒಣಹಾಕಲು ಅಕ್ಕನ ಕೋಣೆಗೆ ಕೊಟ್ಟು ಹೋದಳು. ಅಲ್ಲಿ ಹಗ್ಗದ ಮೇಲೆ ಅಕ್ಕನ ಬಿಳಿ ಶಾಲು ಇತ್ತು. ಭಾನುವಾರ ಕರ್ತನ ಭೋಜನದ, ಎಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ, ಆರಾಧನೆಗೆ ಹೊದೆಯಲೆಂದು ಅವಳು ಇಸ್ತ್ರಿ ಮಾಡಿಸಿ ತಂದಿದ್ದ ಶಾಲು. ಅಜ್ಜಿ ಅಂಚಿಗೆ ಕೈಯಿಂದ ಕ್ರೋಶಾ ಹಾಕಿ ಕೊಟ್ಟದ್ದು. ಬೆಳಿಗ್ಗೆ ನೋಡಿದರೆ ಒಂದು ಮಗ್ಗುಲಿಡೀ ದಾಸವಾಳ ಹಿಂಡಿದ ಹಾಗೆ ಗುಲಾಬಿ. ಕ್ರೋಶಾದ ಒಂದೊಂದು ಕಣ್ಣಿನೊಳಗೂ ಬಣ್ಣ ಇಳಿದಿತ್ತು. ಹತ್ತಿರದಿಂದ ತೋರಿಸುತ್ತಿದ್ದೇನೆ, ನೋಡಿ. ನಿಂಬೆರಸ ಹಚ್ಚಿದೆವು, ಸಾಬೂನಿನಲ್ಲಿ ನೆನೆಸಿದೆವು. ಅಡುಗೆಯ ಆಂಟಿ ಬಿಸಿನೀರಿಗೆ ಉಪ್ಪು ಹಾಕಿ ಅದ್ದಿ ಕೊಟ್ಟರು. ಬಣ್ಣ ತಿಳಿಯಾಯಿತೇ ಹೊರತು ಹೋಗಲಿಲ್ಲ.

ತಂಗಿ ಅಳುತ್ತ ನಿಂತಳು. ಅಕ್ಕ ಒಂದು ಮಾತೂ ಬೈಯಲಿಲ್ಲ. ಮನೆಯಲ್ಲಿ ನೀರಿನ ಬಾಟಲಿ ತುಂಬಿಸದಿದ್ದರೂ ರೇಗುವ ಅಕ್ಕ! ಬಣ್ಣ ಬಿಡುವ ಬಟ್ಟೆಗೆ 280 ರೂಪಾಯಿ ತೆಗೆದುಕೊಂಡ ಮುದ್ರಣದವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮುಂದಿನ ವರ್ಷ ಟೀ ಶರ್ಟೇ ಬೇಡ, ಆ ಹಣದಲ್ಲಿ ಶುಲ್ಕ ಕಟ್ಟಲಾಗದ ಹುಡುಗಿಯರನ್ನು ಕರೆತನ್ನಿ ಎಂದು ಟೀಚರಿಗೆ ಹೇಳಿಯೂ ಬಂದೆ. ಆದರೆ ಈ ದೃಶ್ಯ ನೋಡಿ, ಊಟದ ಸಾಲು. ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದವಳು ಯಾರು, ಕಾರಿನಲ್ಲಿ ಬಂದಿಳಿದವಳು ಯಾರು, ಹೇಳಲು ಸಾಧ್ಯವೇ? ಎಲ್ಲರದೂ ಅದೇ ಮೆರೂನ್ ಬೆನ್ನು. ಇದನ್ನು ನೋಡಿದ ಮೇಲೆ ಟೀ ಶರ್ಟ್ ಇರಲಿ, ಒಳ್ಳೆಯ ಬಟ್ಟೆಯದು ಇರಲಿ ಎನ್ನುತ್ತೇನೆ.

ಈ ಹಳೆಯ ಚರ್ಚು ಸಿದ್ದಾಪುರದ ಕಡೆಯ ಆನಂದಪುರದಲ್ಲಿದೆ. ಒಂದು ಮಧ್ಯಾಹ್ನ ಎಲ್ಲರನ್ನೂ ಕರೆದುಕೊಂಡು ಹೋದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಹರ್ಮನ್ ಮೋಗ್ಲಿಂಗ್, ಆಮೇಲೆ 1850ರ ದಶಕದಲ್ಲಿ ಕೊಡಗಿಗೆ ಬಂದು ಕೂಲಿ ಮಾಡುವ ಜನರಿಗಾಗಿ ಕಟ್ಟಿದ ಊರು ಇದು. ಶಾಲೆಯಲ್ಲಿ ಪತ್ರಿಕೆಯ ಇಸವಿಯನ್ನು ಬಾಯಿಪಾಠ ಮಾಡಿಸುತ್ತಾರೆ, ಈ ಊರಿನ ಹೆಸರು ಹೇಳುವುದಿಲ್ಲ. ನನಗೆ ಪತ್ರಿಕೆಗಿಂತ ಊರೇ ದೊಡ್ಡದು ಅನ್ನಿಸಿತು. ದೃಶ್ಯ ಮುಗಿಯಿತು, ಮುಂದೆ ಹೋಗೋಣ.

ಇದು ಬೈಬಲ್ ಅಧ್ಯಯನ. ನನ್ನ ಪಾಲಿಗೆ ಇಡೀ ಶಿಬಿರ ಎಂದರೆ ಈ ಒಂದು ಬೆಳಿಗ್ಗೆ. ಅಕ್ಕತಂಗಿಯರು ಎಂದೊಡನೆ ಮಾರ್ಥ ಮತ್ತು ಮರಿಯರ ಕಥೆ ಹೇಳುತ್ತಾರೆ ಎಂದುಕೊಂಡಿದ್ದೆ. ಒಬ್ಬಳು ಅಡುಗೆಮನೆಯಲ್ಲಿ, ಇನ್ನೊಬ್ಬಳು ಯೇಸುವಿನ ಪಾದದ ಬಳಿ. ಮನೆಯಲ್ಲಿ ಪಾತ್ರೆ ತೊಳೆಯುವ ಜಗಳ ಬಂದಾಗಲೆಲ್ಲ ನಾವು ಕೇಳಿಸಿಕೊಂಡದ್ದು ಅದೇ ಕಥೆ. ಆದರೆ ಟೀಚರ್ ಬೈಬಲ್ಲಿನ ಅರಣ್ಯಕಾಂಡ ಎಂಬ ಪುಸ್ತಕದ 27ನೇ ಅಧ್ಯಾಯ ತೆರೆಯಲು ಹೇಳಿದರು. ಚಲ್ಪಹಾದನ ಐವರು ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅಪ್ಪ ಅರಣ್ಯದಲ್ಲಿ ಸತ್ತಿದ್ದಾನೆ, ಗಂಡುಮಕ್ಕಳಿಲ್ಲ. ಐವರೂ ಹೋಗಿ ಜನರ ನಾಯಕ ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಭೆಯ ಮುಂದೆ ನಿಂತು ಕೇಳುತ್ತಾರೆ: ಗಂಡುಮಗನಿಲ್ಲ ಎಂಬ ಕಾರಣಕ್ಕೆ ನಮ್ಮ ಅಪ್ಪನ ಹೆಸರು ಏಕೆ ಅಳಿಯಬೇಕು? ನಮಗೂ ಭೂಮಿ ಕೊಡಿ. ಮೋಶೆ ಅದನ್ನು ದೇವರ ಮುಂದೆ ಒಯ್ಯುತ್ತಾನೆ. ದೇವರು ಹೇಳುವುದು, ಈ ಹೆಣ್ಣುಮಕ್ಕಳ ಮಾತು ನ್ಯಾಯವಾದದ್ದು ಎಂದು.

ನಮಗೂ ಅಣ್ಣತಮ್ಮಂದಿರಿಲ್ಲ. ಮನೆಯಲ್ಲಿ ನಾಮಕರಣವಾಗಲಿ, ಮದುವೆಯಾಗಲಿ, ಯಾರಾದರೊಬ್ಬರು ಅಪ್ಪನ ಮುಂದೆ ‘ಒಂದು ಗಂಡಿದ್ದಿದ್ದರೆ’ ಎನ್ನದೆ ಊಟ ಮುಗಿಸುವುದಿಲ್ಲ. ಅಪ್ಪ ಏನೂ ಹೇಳದೆ ಅನ್ನಕ್ಕೆ ಸಾರು ಕಲಸುತ್ತಾರೆ. ಆ ಮಾತು ಕೇಳುತ್ತಲೇ ದೊಡ್ಡವರಾದವರು ನಾವು. ಅಧ್ಯಾಯ ಓದುವಾಗ ನಾನು ದೆಬೋರ ಗುಂಪಿನ ಮೂಲೆಯಿಂದ ಅಕ್ಕನ ಕಡೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

ಅದೇ ಹೊತ್ತಿಗೆ ಮಡಿಕೇರಿಯಿಂದ ವಕೀಲೆಯೊಬ್ಬರು ಬಂದಿದ್ದರು, ಇದು ಅವರ ಕೈ, ಸೀಮೆಸುಣ್ಣ ಹಿಡಿದದ್ದು. ಕೇರಳದ ಮೇರಿ ರಾಯ್ ವಿಷಯ ಹೇಳಿದರು. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು! ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋದರು. 1986ರಲ್ಲಿ ತೀರ್ಪು ಬಂತು, ಅಲ್ಲಿಯೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅನ್ವಯ ಎಂದು. ಆ ಕಾಯಿದೆಯಲ್ಲಿ, ಉಯಿಲು ಇಲ್ಲದೆ ತಂದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ತಾಯಿಗೆ, ಉಳಿದದ್ದು ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣು ಎಂಬ ಭೇದವಿಲ್ಲ. ತಂಗಿ ಎದ್ದು ನಿಂತು ಕೇಳಿದಳು: ಹಾಗಾದರೆ ಅತ್ತೆಯಂದಿರಿಗೆ ಅಜ್ಜನ ಮನೆಯಲ್ಲಿ ಪಾಲು ಏಕೆ ಕೊಡಲಿಲ್ಲ? ಕೋಣೆಯಲ್ಲಿ ಎಷ್ಟು ಹುಡುಗಿಯರು ತಲೆಯಾಡಿಸಿದರು ಗೊತ್ತೇ? ಮುಖ ತೋರಿಸುವಂತಿಲ್ಲ, ಇಲ್ಲವಾದರೆ ತೋರಿಸುತ್ತಿದ್ದೆ. ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳು ಕೇಳುವುದೇ ಇಲ್ಲ, ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ ಎಂದು ವಕೀಲೆ ಹೇಳಿದರು. ಆ ಹೆದರಿಕೆ ಹುಟ್ಟಿಸುವವರು ತಪ್ಪಿತಸ್ಥರು, ಅತ್ತೆಯಂದಿರಲ್ಲ. ನಾನು ಇದನ್ನು ಯಾರ ಮುಂದೆಯೂ ಹೇಳುತ್ತೇನೆ.

ಭಾನುವಾರದ ಆರಾಧನೆ. ಗುಲಾಬಿ ಮಗ್ಗುಲಿನ ಶಾಲನ್ನೇ ಹೊದ್ದುಕೊಂಡವಳು ಅಕ್ಕ. ಪಕ್ಕದಲ್ಲಿ ತಂಗಿ. ಆರಾಧನೆ ನಡೆಸಿದವರೂ ಮಹಿಳಾ ಸಭಾಪಾಲಕರೇ. ಸಿಎಸ್‌ಐ, ಎಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯಲ್ಲಿ 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆಗಿ ಅಭಿಷೇಕಗೊಂಡದ್ದು ತಂಗಿಗೆ ಅಲ್ಲಿಯೇ ಗೊತ್ತಾಯಿತು. ಈಗ ತಾನೂ ಬಿಷಪ್ ಆಗುತ್ತೇನೆ ಎನ್ನುತ್ತಿದ್ದಾಳೆ. ಆಗಲಿ.

ಇದು ಸುಳ್ಯದ ಬಸ್ ನಿಲ್ದಾಣ, ವಾಪಸಾಗುವಾಗ. ಸೆಕೆ ಶುರುವಾಗಿದೆ. ಮೊಬೈಲ್ ಕೈಗೆ ಬಂದ ಕೂಡಲೇ ತಂಗಿ ಅಪ್ಪನಿಗೆ ಫೋನ್ ಮಾಡಿದ್ದಾಳೆ, ಕೇಳಿಸುತ್ತಿದೆಯೇ? ‘ಅಪ್ಪಾ, ಅಜ್ಜನ ಮನೆ ಈಗ ಯಾರ ಹೆಸರಿನಲ್ಲಿದೆ?’ ಅಕ್ಕ ಕ್ಯಾಮೆರಾ ನಿಲ್ಲಿಸು ಎಂದು ಕೈಸನ್ನೆ ಮಾಡುತ್ತಿದ್ದಾಳೆ. ಅಪ್ಪನ ಉತ್ತರ ನಮ್ಮ ಮನೆಯ ವಿಷಯ, ನಿಲ್ಲಿಸುತ್ತೇನೆ.