ಆ್ಯಂಗಲ್ ಟೌನ್‌ಶಿಪ್: ಅಮೆರಿಕದ ಊರಿಗೆ ಕೆನಡಾ ದಾಟಿ ಹೋಗುವ ದಾರಿ

ಈಗ ನೀವು ನೋಡುತ್ತಿರುವ ರಸ್ತೆ ಕೆನಡಾದ್ದು. ಆದರೆ ನಾನು ಹೊರಟಿರುವುದು ಅಮೆರಿಕದ ಮಿನೆಸೋಟ ರಾಜ್ಯದ ಒಂದು ಟೌನ್‌ಶಿಪ್‌ಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ ಒಂದು ಸಣ್ಣ ಘಟಕಕ್ಕೆ. ಹೊರಟಿದ್ದೂ ಮಿನೆಸೋಟದಿಂದಲೇ. ವಾರ್‌ರೋಡ್ ಪಟ್ಟಣ ಬಿಟ್ಟು, ಗಡಿ ದಾಟಿ ಮ್ಯಾನಿಟೋಬಾಕ್ಕೆ ಬಂದು, ಕಾಡಿನ ನಡುವೆ ಜಲ್ಲಿ ರಸ್ತೆಯಲ್ಲಿ ಹೋಗಿ ಮತ್ತೆ ಅಮೆರಿಕ ಸೇರಬೇಕು. ಒಟ್ಟು ಸುಮಾರು 100 ಕಿ.ಮೀ. ಭಾರತದ ಪಾಸ್‌ಪೋರ್ಟ್ ಇದ್ದು ಗ್ರೀನ್ ಕಾರ್ಡ್ ಇಲ್ಲದವರಿಗೆ ಈ ದಾರಿಗೆ ಕೆನಡಾ ವೀಸಾನೂ ಬೇಕು.

ಇದೇ ಆ್ಯಂಗಲ್ ಟೌನ್‌ಶಿಪ್. ಇಲ್ಲಿಯವರು ಸುಮ್ನೆ 'ದಿ ಆ್ಯಂಗಲ್' ಅಂತಾರೆ. ಅಲಾಸ್ಕ ಬಿಟ್ಟರೆ ಅಮೆರಿಕದಲ್ಲಿ ಇದಕ್ಕಿಂತ ಉತ್ತರಕ್ಕೆ ಬೇರೆ ಊರಿಲ್ಲ. ಪಶ್ಚಿಮಕ್ಕೆ ಕೆನಡಾ. ಉಳಿದ ಕಡೆ ನೋಡಿದರೆ ಲೇಕ್ ಆಫ್ ದ ವುಡ್ಸ್ ಎಂಬ ದೊಡ್ಡ ಸರೋವರ, ಅದರ ತುಂಬಾ ಸಾವಿರಾರು ದ್ವೀಪಗಳು.

ಯಾಕೆ ಹೀಗಾಯಿತು ಅಂದರೆ, ಒಂದು ತಪ್ಪು ನಕ್ಷೆಯಿಂದ. ಬ್ರಿಟನ್ ಮತ್ತು ಅಮೆರಿಕ ಮಾಡಿಕೊಂಡ 1783ರ ಪ್ಯಾರಿಸ್ ಒಪ್ಪಂದದಲ್ಲಿ, ಈ ಸರೋವರದ ವಾಯವ್ಯ ತುದಿಯಿಂದ ನೇರ ಪಶ್ಚಿಮಕ್ಕೆ ಮಿಸಿಸಿಪಿ ನದಿಯವರೆಗೆ ಗಡಿ ಅಂತ ಬರೆದರು. ಅವರ ಮುಂದಿದ್ದದ್ದು ಜಾನ್ ಮಿಚೆಲ್ 1755ರಲ್ಲಿ ಮಾಡಿದ ನಕ್ಷೆ. ಪಶ್ಚಿಮಕ್ಕೆ ಎಷ್ಟು ಹೋದರೂ ಆ ನದಿ ಸಿಗುವುದೇ ಇಲ್ಲ. ಅದು ಹುಟ್ಟುವ ಇಟಾಸ್ಕ ಸರೋವರ ಇಲ್ಲಿಂದ ದಕ್ಷಿಣಕ್ಕೆ 200 ಕಿ.ಮೀ.ಗೂ ಜಾಸ್ತಿ ದೂರದಲ್ಲಿದೆ. ಆಮೇಲೆ 1818ರಲ್ಲಿ 49ನೇ ಅಕ್ಷಾಂಶವೇ ಗಡಿ ಅಂತಾಯಿತು. ಹಳೆಯ ತುದಿಯನ್ನು ಮಾತ್ರ ಬಿಡಲಿಲ್ಲ. ಅಲ್ಲಿಂದ ಕೆಳಕ್ಕೆ 49ರವರೆಗೆ ಒಂದು ಗೆರೆ ಎಳೆದರು. ಗೆರೆಯ ಪೂರ್ವಕ್ಕೆ ಉಳಿದ ಈ ತುಂಡು ನೆಲ ಅಮೆರಿಕಕ್ಕೆ ಬಂತು.

ಈಗ ಜನರ ವಿಷಯ. 2010ರ ಜನಗಣತಿಯಲ್ಲಿ ಇಲ್ಲಿದ್ದವರು 119 ಜನ. 2020ರಲ್ಲಿ 54. ನೆಲ ಸುಮಾರು 320 ಚದರ ಕಿ.ಮೀ. ಅಂದರೆ ಒಬ್ಬೊಬ್ಬರಿಗೆ ಹೆಚ್ಚುಕಡಿಮೆ ಆರು ಚದರ ಕಿ.ಮೀ. ನೀರನ್ನೂ ಸೇರಿಸಿದರೆ ಟೌನ್‌ಶಿಪ್‌ನ ಐದರಲ್ಲಿ ನಾಲ್ಕು ಪಾಲು ಸರೋವರವೇ. ಹೊಟ್ಟೆಪಾಡು ಹೆಚ್ಚಾಗಿ ಮೀನು ಹಿಡಿಯಲು ಬರುವ ಅತಿಥಿಗಳಿಂದ, ಅದರಲ್ಲೂ ವಾಲೈ ಮೀನಿಗಾಗಿ ಬರುವವರಿಂದ.

ಈ ಶಾಲೆ ನೋಡಿ. ಒಂದೇ ಕೋಣೆ, ಎಲ್ಲ ತರಗತಿಯ ಮಕ್ಕಳೂ ಒಟ್ಟಿಗೆ. ಇಲ್ಲಿ ಓದು ಮುಗಿದ ಮೇಲೆ ದೊಡ್ಡ ಮಕ್ಕಳು ವಾರ್‌ರೋಡ್‌ಗೆ ಹೋಗಬೇಕು. ಹೋಗುವಾಗ ಎರಡು ಸಲ, ಬರುವಾಗ ಎರಡು ಸಲ, ದಿನಕ್ಕೆ ನಾಲ್ಕು ಬಾರಿ ದೇಶದ ಗಡಿ ದಾಟುವ ಮಕ್ಕಳು ಇವರು! ನನಗೆ ಇದು ತುಂಬಾ ಹೆಚ್ಚು ಅನ್ನಿಸುತ್ತದೆ. ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿದಾಗ ಅತಿಥಿಗಳು ಬರುವ ದಾರಿಯೇ ನಿಂತುಹೋಯಿತು. 2021ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ, ಕೆನಡಾವನ್ನು ಮುಟ್ಟದ ಹಾಗೆ, 30 ಕಿ.ಮೀ.ಗೂ ಉದ್ದದ ಹಿಮದ ರಸ್ತೆ ಮಾಡಿಕೊಂಡರು. ಎಷ್ಟು ಗಟ್ಟಿ ಜನ, ಅಲ್ವಾ?

ಆದರೆ 54 ಜನರ ಲೆಕ್ಕ ಹೇಳಿ ನಿಲ್ಲಿಸಿದರೆ ಈ ನೆಲದ ಕಥೆ ಅರ್ಧವೂ ಆಗುವುದಿಲ್ಲ. ಇಲ್ಲಿನ ನೆಲದಲ್ಲಿ ಸುಮಾರು ಶೇ. 70 ಭಾಗ ರೆಡ್ ಲೇಕ್ ಒಜಿಬ್ವೆ ಎಂಬ ಮೂಲನಿವಾಸಿ ಜನರದು. ಪ್ಯಾರಿಸ್‌ನಲ್ಲಿ ಗೆರೆ ಎಳೆದಾಗ ಇಲ್ಲಿಯ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. 1998ರಲ್ಲೂ ಹಾಗೇ ಆಯಿತು. ಮೀನುಗಾರಿಕೆ ನಿಯಮಗಳಿಂದ ಬೇಸತ್ತ ಕೆಲವು ನಿವಾಸಿಗಳು ಕೆನಡಾಕ್ಕೆ ಸೇರುತ್ತೇವೆ ಎಂದಾಗ, ಅದಕ್ಕೆ ಮತದಾನ ನಡೆಸಲು ಸಂಸದ ಕಾಲಿನ್ ಪೀಟರ್ಸನ್ ಮಸೂದೆ ತಂದರು. ರೆಡ್ ಲೇಕ್ ಮುಖಂಡರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ಹೆಚ್ಚಿನ ನೆಲ ಅವರದಾಗಿರುವಾಗ ಮೊದಲು ಕೇಳಬೇಕಾದದ್ದು ಅವರನ್ನಲ್ಲವೇ?

ನೀವು ಬರುವುದಾದರೆ, ಬೇಸಿಗೆಯಲ್ಲಿ ವಾರ್‌ರೋಡ್‌ನಿಂದ ದೋಣಿಯಲ್ಲೂ ಬರಬಹುದು, ಆಗ ಕೆನಡಾ ದಾಟಬೇಕಿಲ್ಲ. ಕಾಡಿಗೆ ಇಳಿಯುವ ಮುಂಚೆ ಅದು ಯಾರ ಜಾಗ ಅಂತ ವಿಚಾರಿಸಿ. ರೆಡ್ ಲೇಕ್‌ನವರ ನೆಲವಾದರೆ ಅವರ ಅನುಮತಿ ಪಡೆದೇ ಕಾಲಿಡಿ.