ಗವರ್ನರರ ಹೆಸರಿನ ಸಂಗೀತ ಕಾಲೇಜು

ಸಂಗೀತಾಸಕ್ತ ಬಂಧುಗಳೇ,

ಲಖನೌದ ಕೈಸರ್‌ಬಾಗ್‌ನಲ್ಲಿ ಪರೀಖಾನಾ ಎಂಬ ಕಟ್ಟಡವಿದೆ. ಅವಧದ ನವಾಬ ವಾಜಿದ್ ಅಲಿ ಶಾ ತನ್ನ ಆಸ್ಥಾನದ ಹೆಣ್ಣುಮಕ್ಕಳಿಗೆ ಹಾಡು, ಕುಣಿತ ಕಲಿಸುತ್ತಿದ್ದ ತಾಣವದು. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಪಟ್ಟದಿಂದ ಇಳಿಸಿತು. ಅದಾಗಿ 70 ವರ್ಷಕ್ಕೆ, 1926ರಲ್ಲಿ, ಅದೇ ಊರಿನಲ್ಲಿ ಒಂದು ಸಂಗೀತ ಕಾಲೇಜು ಹುಟ್ಟಿತು. ಅದಕ್ಕೆ ಇಟ್ಟದ್ದು ಸಂಯುಕ್ತ ಪ್ರಾಂತದ (ಇಂದಿನ ಉತ್ತರ ಪ್ರದೇಶದ) ಗವರ್ನರ್ ಸರ್ ವಿಲಿಯಂ ಮ್ಯಾರಿಸ್ ಅವರ ಹೆಸರು. ಇಂದು ಪರೀಖಾನಾದಲ್ಲಿರುವುದು ಆ ಕಾಲೇಜಿನಿಂದಲೇ ಬೆಳೆದ ಸಂಸ್ಥೆ.

ಇದರ ಹಿಂದಿದ್ದವರು ಹಿಂದುಸ್ತಾನಿ ಸಂಗೀತದ ಶಾಸ್ತ್ರಜ್ಞ ವಿಷ್ಣು ನಾರಾಯಣ ಭಾತಖಂಡೆ. ಪರಕೀಯ ಆಳರಸರ ಬಾಗಿಲಿಗೆ ಅವರೇಕೆ ಹೋದರು ಎಂಬ ಪ್ರಶ್ನೆಗೆ ದಾಸ್ಯಬುದ್ಧಿ ಎಂಬ ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ. ಅವರು ಮೊದಲು ಹೋದದ್ದು ದೇಶೀ ಅರಸರ ಬಳಿಗೆ. 1916ರಲ್ಲಿ ಬರೋಡದ ಮಹಾರಾಜರ ಆಶ್ರಯದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆಸಿ, ಇಡೀ ದೇಶಕ್ಕೊಂದು ಸಂಗೀತ ಅಕಾಡೆಮಿ ಬೇಕೆಂಬ ವಿಚಾರವನ್ನು ಮುಂದಿಟ್ಟರು. ದೆಹಲಿಯಲ್ಲೂ ಕಾಶಿಯಲ್ಲೂ ಮತ್ತೆ ಸಮ್ಮೇಳನಗಳಾದವು, ಅಕಾಡೆಮಿ ಮಾತ್ರ ಆಗಲಿಲ್ಲ. ಬರೋಡದಲ್ಲಿ ಮೌಲಾ ಬಕ್ಷ್ ಆರಂಭಿಸಿದ ಶಾಲೆಯಿತ್ತು (ನಮ್ಮ ಮೈಸೂರಿನ ಆಸ್ಥಾನ ಗೌರವಿಸಿದ್ದ ವಿದ್ವಾಂಸರು ಅವರು), 1918ರಲ್ಲಿ ಗ್ವಾಲಿಯರಿನಲ್ಲೂ ಒಂದು ಶಾಲೆ ತೆರೆಯಿತು. ಆದರೆ ಸಂಸ್ಥಾನದ ಶಾಲೆಯ ಆಯುಸ್ಸು ಅರಸರ ಒಲವಿಗೆ ಕಟ್ಟುಬಿದ್ದದ್ದು. ಇನ್ನು ಜನರ ದೇಣಿಗೆಯನ್ನೇ ನಂಬಿ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಕಟ್ಟಿದ ವಿಷ್ಣು ದಿಗಂಬರ ಪಲುಸ್ಕರರ ಶ್ರಮವನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮುಂಬಯಿಯಲ್ಲಿ ಅವರು ಎಬ್ಬಿಸಿದ ಕಟ್ಟಡ ಸಾಲಕ್ಕೆ ಹರಾಜಾಯಿತು.

ಈ ನಡುವೆ ಆಡಳಿತದ ಸ್ವರೂಪವೇ ಬದಲಾಗಿತ್ತು. ಬ್ರಿಟಿಷ್ ಸರ್ಕಾರದ 1919ರ ಕಾಯಿದೆಯಿಂದ ಪ್ರಾಂತಗಳಲ್ಲಿ ಶಿಕ್ಷಣ ಖಾತೆ ಭಾರತೀಯ ಮಂತ್ರಿಗಳ ಕೈಗೆ ಬಂದಿತು. ಸಂಯುಕ್ತ ಪ್ರಾಂತದಲ್ಲಿ ಆ ಖಾತೆ ಸಂಗೀತಪ್ರಿಯರಾದ ರಾಯ್ ರಾಜೇಶ್ವರ ಬಲಿ ಅವರಿಗೆ ದೊರೆಯಿತು. ಅವರ ಬಂಧು ರಾಯ್ ಉಮಾನಾಥ ಬಲಿ ಲಖನೌದ ಸಮ್ಮೇಳನಗಳಿಗೂ ಕಾಲೇಜಿನ ಸ್ಥಾಪನೆಗೂ ಹೆಗಲು ಕೊಟ್ಟರು. ಹೀಗಾಗಿ ಹಲಗೆಯ ಮೇಲೆ ಗವರ್ನರರ ಹೆಸರಿದ್ದರೂ ಅದನ್ನು ಸಾಧ್ಯವಾಗಿಸಿದವರು ನಮ್ಮವರೇ. ಸ್ವಾತಂತ್ರ್ಯ ಬಂದ ಮೇಲೆ ಕಾಲೇಜು ಭಾತಖಂಡೆಯವರ ಹೆಸರನ್ನೇ ಪಡೆಯಿತು.

ಹೆಸರನ್ನು ಅಳಿಸಿ ಬರೆಯಬಹುದು. ನಾವು ತೆತ್ತ ನಿಜವಾದ ಬೆಲೆ ಬೇರೆ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ. ಸರ್ಕಾರದ ನೆರವು ಕೇಳುವವನು ತಾನು ಕೇಳುತ್ತಿರುವುದನ್ನು ಸರ್ಕಾರಕ್ಕೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು: ಎಷ್ಟು ವರ್ಷದ ಪಾಠ, ಯಾವ ವರ್ಷಕ್ಕೆ ಯಾವ ರಾಗ, ಪರೀಕ್ಷೆ ಹೇಗೆ, ಪ್ರಮಾಣಪತ್ರ ಯಾವುದು. ವಕೀಲರಾಗಿದ್ದ ಭಾತಖಂಡೆಯವರಿಗೆ ಆ ಭಾಷೆ ಬರುತ್ತಿತ್ತು. 1904ರಲ್ಲಿ ದಕ್ಷಿಣದ ಪ್ರವಾಸ ಮಾಡಿದ್ದ ಅವರಿಗೆ ಕರ್ನಾಟಕ ಸಂಗೀತದ ರಾಗಗಳನ್ನು ಸ್ವರಗಳಿಗೆ ತಕ್ಕಂತೆ ವಿಂಗಡಿಸುವ ವೆಂಕಟಮಖಿಯ 72 ಮೇಳಗಳ ಕಟ್ಟು ಪರಿಚಯವಾಗಿತ್ತು. ಆ ವೆಂಕಟಮಖಿ, ತಂಜಾವೂರಿನಲ್ಲಿ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಮಗ. ಆ ಮೇಳಗಳ ಕಟ್ಟಿನ ಪ್ರೇರಣೆಯಿಂದ ಭಾತಖಂಡೆಯವರು ಹಿಂದುಸ್ತಾನಿ ರಾಗಗಳನ್ನು 10 ಥಾಟುಗಳಲ್ಲಿ (ಮೂಲ ಸ್ವರಗುಂಪುಗಳಲ್ಲಿ) ಹೊಂದಿಸಿ, ಘರಾಣೆಗಳ (ಗುರುಪರಂಪರೆಗಳ) ಚೀಜುಗಳನ್ನು, ಅಂದರೆ ಹಾಡುಗಳನ್ನು, ಸ್ವರಲಿಪಿಗಿಳಿಸಿ, 6 ಭಾಗಗಳ ಪಠ್ಯಮಾಲೆಯಾಗಿ ಅಚ್ಚುಹಾಕಿಸಿದರು. ಉಸ್ತಾದರ ಮನೆಯೊಳಗೆ ಬಚ್ಚಿಟ್ಟಿದ್ದ ವಿದ್ಯೆ ಯಾರ ಮಕ್ಕಳಿಗೂ ಸಿಗುವಂತಾದದ್ದು ಎಷ್ಟು ದೊಡ್ಡ ಉಪಕಾರವೆಂದು ಹೇಳಿ ಮುಗಿಯದು. ಆದರೆ ಪಠ್ಯಕ್ಕೆ ಒಗ್ಗದ್ದು, ಅಂದರೆ ರಾಗದ ನಡೆ, ಸ್ವರಗಳ ನಡುವಿನ ಎಳೆತ, ಗುರುವಿನ ಬಳಿಯ ತಾಲೀಮಿನ ಬಿಡುವಿಲ್ಲದ ಒಡನಾಟ, ತರಗತಿಯ ಗಂಟೆಯೊಳಗೆ ಹಿಡಿಸಲಿಲ್ಲ. ಸರೋದ್ ವಾದಕ ಸಖಾವತ್ ಹುಸೇನ್ ಖಾನರಂಥ ಉಸ್ತಾದರು ಕಾಲೇಜಿನಲ್ಲಿ ಅಧ್ಯಾಪಕರಾದರು, ನಿಜ; ಆದರೆ ಠುಮ್ರಿ ಎಂಬ ಭಾವಪ್ರಧಾನ ಗಾಯನವನ್ನು ಕಾಪಾಡಿಕೊಂಡು ಬಂದಿದ್ದ ಲಖನೌದ ತವಾಯಿಫರ (ಹಾಡು-ಕುಣಿತವನ್ನೇ ವೃತ್ತಿಯಾಗಿಸಿಕೊಂಡ ಹೆಂಗಸರ) ವಿದ್ಯೆಗೆ ಆ ಮಾನ ದೊರೆಯಲಿಲ್ಲ. ಈ ಅನ್ಯಾಯ ನನ್ನನ್ನು ಇಂದಿಗೂ ಕಾಡುತ್ತದೆ.

ನಮ್ಮ ಬೈಲಹೊಂಗಲದಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕೆ. ಜಿ. ಗಿಂಡೆಯವರು 11ನೆಯ ವಯಸ್ಸಿನಲ್ಲಿ ಇದೇ ಮ್ಯಾರಿಸ್ ಕಾಲೇಜಿನ ಊರಿಗೆ ಹೋದರು. ಭಾತಖಂಡೆಯವರ ಶಿಷ್ಯರಾದ ಶ್ರೀಕೃಷ್ಣ ರಾತಂಜನಕರರು ಆಗ ಅಲ್ಲಿನ ಪ್ರಾಂಶುಪಾಲರು. ಹುಡುಗ ಕಾಲೇಜಿನಲ್ಲಿ ಓದಿದನಾದರೂ, ಉಳಿದುಕೊಂಡದ್ದು ಗುರುಗಳ ಮನೆಯಲ್ಲಿ, ಮನೆಯ ಮಗನಂತೆ, ವರ್ಷಾನುಗಟ್ಟಲೆ.